ಹದಿನೈದು ಹೋಲಿಕೆ, ಒಂದು ಅನುಮಾನ



ನಾನು ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಸಂಖ್ಯಾಶಾಸ್ತ್ರದ ಈ ಪಾಠ ಕಲಿತದ್ದು ಒಂದು ತಪ್ಪು ಮಾಡಲು ಹೊರಟು, ಕೊನೆಯ ಗಳಿಗೆಯಲ್ಲಿ ನಿಂತಾಗ.

ಕುವೈತ್‌ನ ಆರೂ ಗವರ್ನರೇಟ್‌ಗಳಲ್ಲಿ ಒಂದೊಂದು ಶಾಖೆಯಿದ್ದ ಸಂಸ್ಥೆಯೊಂದರ ಲೆಕ್ಕ ನೋಡುತ್ತಿದ್ದೆ. ಶಾಖೆಗಳ ಪೆಟ್ಟಿ ಕ್ಯಾಶ್ ವೋಚರುಗಳಿಂದ ಸ್ಯಾಂಪಲ್ ತೆಗೆದು, ಸರಾಸರಿಗಳನ್ನು ಎರಡೆರಡಾಗಿ ಹೋಲಿಸಿದೆ. ಹವಲ್ಲಿಗಿಂತ ಜಹ್ರಾದ ಸರಾಸರಿ 4 ದಿನಾರ್ ಹೆಚ್ಚಿತ್ತು. ಶೇ. 95ರ ಕಾನ್ಫಿಡೆನ್ಸ್ ಇಂಟರ್‌ವಲ್, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ಸುಮಾರು 0.9ರಿಂದ 7.1 ದಿನಾರ್. ಸೊನ್ನೆ ಅದರೊಳಗಿಲ್ಲ. ಜಹ್ರಾದ ಕ್ಯಾಶಿಯರ್ ಮೇಲೆ ವರದಿ ಬರೆಯಲು ಕುಳಿತೆ. ಇಲ್ಲಿ ಕೆಲಸ ಹೋದರೆ ಇಕಾಮಾಕ್ಕೂ ಕುತ್ತು. ಅದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆಗ ಹೊಳೆಯಿತು: ನಾನು ಮಾಡಿದ್ದು ಒಂದು ಹೋಲಿಕೆಯಲ್ಲ. ಆರು ಶಾಖೆಗಳ ಜೋಡಿಗಳು 15. ಒಂದೊಂದರಲ್ಲೂ ತಪ್ಪುವ ಸಂಭವ ಶೇ. 5. ಆರೂ ಶಾಖೆಗಳು ನಿಜಕ್ಕೂ ಸಮಾನವಾಗಿದ್ದರೂ, 15ರಲ್ಲಿ ಒಂದಾದರೂ ಸುಳ್ಳು ವ್ಯತ್ಯಾಸ ಕಾಣುವ ಸಂಭವ ಮೂರರಲ್ಲಿ ಒಂದಕ್ಕಿಂತ ಹೆಚ್ಚು!

ಪರಿಹಾರ ಸರಳ. ಶೇ. 5ರ ತಪ್ಪನ್ನು 15 ಹೋಲಿಕೆಗಳಿಗೆ ಸಮನಾಗಿ ಹಂಚಿದರೆ ತಲಾ ಶೇ. 0.33. ಪ್ರತಿ ವ್ಯಾಪ್ತಿಯನ್ನೂ ಶೇ. 99.67ಕ್ಕೆ ಲೆಕ್ಕಹಾಕಬೇಕು. ಗುಣಕ 1.96ರ ಬದಲು 2.94 ಆಗುತ್ತದೆ. ಇದು ಇಟಲಿಯ ಗಣಿತಜ್ಞ ಬಾನ್‌ಫೆರೋನಿ ಹೆಸರಿನ ವಿಧಾನ. ಸರಾಸರಿಗಳ ಹೋಲಿಕೆಗೆ ಇದನ್ನು 1961ರಲ್ಲಿ ವಿವರಿಸಿದವರು ಆಲಿವ್ ಜೀನ್ ಡನ್. ಎಲ್ಲ ಜೋಡಿಗಳನ್ನೂ ಹೋಲಿಸುವಾಗ ಜಾನ್ ಟ್ಯೂಕಿಯ ವಿಧಾನ ಇನ್ನೂ ಒಳ್ಳೆಯದು. ಅದರ ಗುಣಕ, ದೊಡ್ಡ ಸ್ಯಾಂಪಲ್‌ಗಳಿಗೆ, 2.85.

ಹೊಸ ವ್ಯಾಪ್ತಿ ಮೈನಸ್ 0.7ರಿಂದ 8.7 ದಿನಾರ್. ಸೊನ್ನೆ ಒಳಗೆ ಬಂತು. ಇದರಿಂದ ಆ ಕ್ಯಾಶಿಯರ್ ನಿರ್ದೋಷಿ ಎಂದು ಸಾಬೀತಾಗಲಿಲ್ಲ; ಆರೋಪಿಸಲು ನನ್ನ ಬಳಿ ಆಧಾರವಿಲ್ಲ ಎಂದಷ್ಟೇ ಆಯಿತು. ವೋಚರುಗಳನ್ನೇ ಒಂದೊಂದಾಗಿ ತೆರೆದು ನೋಡಿದೆ. ಎಲ್ಲಕ್ಕೂ ಬಿಲ್ಲಿತ್ತು, ಸಹಿಯಿತ್ತು.

ಒಂದು ಎಚ್ಚರಿಕೆ: ಎಷ್ಟು ಹೋಲಿಕೆ ಎಂಬುದನ್ನು ಅಂಕಿ ನೋಡುವ ಮೊದಲೇ ಬರೆದಿಡಿ. ಎಲ್ಲವನ್ನೂ ನೋಡಿ, ಎದ್ದು ಕಂಡ ಒಂದನ್ನೇ ಆರಿಸಿ “ಹೋಲಿಸಿದ್ದು ಇದೊಂದನ್ನೇ” ಎನ್ನುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಪ್ರಮಾಣಿಸುವ ಮುನ್ನ ಎಷ್ಟು ಬಾರಿ ಇಣುಕಿದೆವೆಂದು ಎಣಿಸೋಣ ಎಂಬುದು ನನ್ನ ಸೇರ್ಪಡೆ.