ಹಳೇ ಮನೆ ಬಾಗಿಲಿಗೆ ಬಿಲ್ಡರ್ ಬಂದಾಗ: ‘ಜೆಡಿ’ ವ್ಯಾಪಾರದ ಒಳಲೆಕ್ಕ ಏನು?

ಬೆಂಗಳೂರು: ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಓಡಾಡುವವರಿಗೆ ಹಸಿರು ಬಲೆ ಹೊದ್ದ ಕಟ್ಟಡಗಳು ಹೊಸದೇನಲ್ಲ. ನಿನ್ನೆ ಮೊನ್ನೆವರೆಗೂ ಅಲ್ಲಿ ಮಂಗಳೂರು ಹೆಂಚಿನ ಮನೆ ಇರುತ್ತೆ, ಮುಂದೆ ಒಂದು ಸಂಪಿಗೆ ಮರವೋ ತೆಂಗಿನ ಮರವೋ ಇರುತ್ತೆ. ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಕೆಳಗೆ ಕಾರ್ ಪಾರ್ಕಿಂಗ್, ಮೇಲೆ ಮಹಡಿಗೊಂದು ಮನೆ. ಮಾಲೀಕರು ಸೈಟು ಮಾರಿರಲ್ಲ, ಬಿಲ್ಡರ್ ಸೈಟು ಕೊಂಡಿರಲ್ಲ. ಇಬ್ಬರೂ ಸೇರಿ ‘ಜೆಡಿ’ ಮಾಡಿರ್ತಾರೆ.

ಜೆಡಿ ಅಂದರೆ ಜಾಯಿಂಟ್ ಡೆವಲಪ್‌ಮೆಂಟ್. ಜಾಗ ಮಾಲೀಕರದ್ದು, ಕಟ್ಟುವ ಖರ್ಚು ಬಿಲ್ಡರ್‌ದು. ಕಟ್ಟಿದ ಮನೆಗಳನ್ನು ಒಪ್ಪಂದದ ಪ್ರಕಾರ ಹಂಚಿಕೊಳ್ಳುತ್ತಾರೆ. ಬಿಲ್ಡರ್ ತನ್ನ ಪಾಲು ಮಾರಿ ಹಾಕಿದ ದುಡ್ಡು, ಲಾಭ ಎರಡನ್ನೂ ಎತ್ತಿಕೊಳ್ಳುತ್ತಾನೆ. ಹಳೇ ಬೆಂಗಳೂರಿನಲ್ಲಿ ಮನೆ ಕಟ್ಟುವ ವ್ಯಾಪಾರ ಹೆಚ್ಚಾಗಿ ಇದೇ ದಾರಿ ಹಿಡಿದಿದೆ. ಆದರೆ ಈ ಸಣ್ಣ ಪ್ರಾಜೆಕ್ಟ್‌ಗಳಲ್ಲಿ ಬಹಳಷ್ಟು ರೇರಾ ಕಾಯ್ದೆಯ ನೋಂದಣಿಯಿಂದ ಹೊರಗಿವೆ ಎಂಬುದು ಹೆಚ್ಚಿನ ಮಾಲೀಕರಿಗೆ ಗೊತ್ತಿರಲ್ಲ.

ಈ ಏರಿಯಾಗಳೇ ಯಾಕೆ?

ಚಾಮರಾಜಪೇಟೆ ಬಡಾವಣೆ ಆಗಿದ್ದು 1892ರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬೆಳೆದವು. ಗಾಳಿ ಬೆಳಕು ಆಡಲಿ ಅಂತ ಅಗಲ ರಸ್ತೆ, ದೊಡ್ಡ ಸೈಟು, ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟು ಪ್ಲ್ಯಾನ್ ಮಾಡಿದ್ದರು. ಅವತ್ತು ರೋಗಕ್ಕೆ ಹೆದರಿ ಬಿಟ್ಟ ಜಾಗವೇ ಇವತ್ತು ಬಿಲ್ಡರ್‌ಗೆ ಬಂಡವಾಳ.

ಈ ಭಾಗದಲ್ಲಿ ಖಾಲಿ ಸೈಟು ಅನ್ನೋದೇ ಅಪರೂಪ. ಹೊಸ ಮನೆ ಬೇಕು ಅಂದರೆ ಹಳೇದು ಬೀಳಬೇಕು. ಜಾಗವನ್ನು ಪೂರ್ತಿ ದುಡ್ಡು ಕೊಟ್ಟು ಕೊಂಡರೆ ಬಿಲ್ಡರ್‌ನ ಬಂಡವಾಳ ಅಲ್ಲೇ ಮುಳುಗಿಹೋಗುತ್ತೆ. ಜೆಡಿ ಆದರೆ ಅಡ್ವಾನ್ಸ್ ಕೊಟ್ಟು ಕೆಲಸ ಶುರು ಮಾಡಬಹುದು.

ಮಾಲೀಕರ ಕಡೆಯಿಂದಲೂ ಕಾರಣ ಇದೆ. ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡ್‌ನಲ್ಲೋ ಇರ್ತಾರೆ. ಹೆಂಚು ಸೋರುತ್ತೆ, ಮದ್ರಾಸ್ ತಾರಸಿ ರಿಪೇರಿ ಮಾಡುವ ಕೆಲಸಗಾರ ಸಿಗಲ್ಲ. ಮೂರು ಜನ ಅಣ್ಣತಮ್ಮಂದಿರಿಗೆ ಒಂದೇ ಮನೆ ಹಂಚೋಕೆ ಬರಲ್ಲ, ಮೂರು ಫ್ಲ್ಯಾಟ್ ಆದರೆ ಹಂಚಬಹುದು.

ಮಾರ್ಕೆಟಿಂಗ್ ಈಗ ಎರಡು ಕಡೆ

ಮೊದಲು ಬಿಲ್ಡರ್‌ಗಳು ಗಿರಾಕಿಯನ್ನು ಮಾತ್ರ ಹುಡುಕುತ್ತಿದ್ದರು. ಈಗ ಮೊದಲು ಮಾಲೀಕರನ್ನು ಹುಡುಕಬೇಕು. ಹಾಗಾಗಿ ‘ಜೆಡಿಗೆ ಜಾಗ ಬೇಕಾಗಿದೆ’ ಎಂಬ ಪತ್ರಿಕಾ ಜಾಹೀರಾತು, ಲೆಟರ್ ಬಾಕ್ಸ್‌ಗೆ ಬೀಳುವ ಕರಪತ್ರ, ಅಪಾರ್ಟ್‌ಮೆಂಟ್ ಮತ್ತು ಸಮುದಾಯದ ವಾಟ್ಸಾಪ್ ಗ್ರೂಪ್‌ಗಳ ಮೆಸೇಜು ಎಲ್ಲವೂ ಹಳೇ ಮನೆಯವರ ಕಡೆ ತಿರುಗಿವೆ. ಬೀದಿಯ ಬ್ರೋಕರ್‌ಗೂ ಇದರಲ್ಲಿ ಕಮಿಷನ್ ಇದೆ. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾವ ಮನೆಯಲ್ಲಿ ಪಾಲಿನ ತಕರಾರು ಇದೆ ಅನ್ನೋದು ಅವರಿಗೆ ಮೊದಲೇ ಗೊತ್ತಿರುತ್ತೆ.

ಕೊಳ್ಳುವವರಿಗೆ ಹೇಳುವ ಮಾತು ಬೇರೆ. ನಗರದ ಹೊರಗಿನ ದೊಡ್ಡ ಪ್ರಾಜೆಕ್ಟ್‌ಗಳು ಈಜುಕೊಳ, ಕ್ಲಬ್‌ಹೌಸ್ ತೋರಿಸಿ ಮಾರುತ್ತವೆ. ಇಲ್ಲಿ ಅದಕ್ಕೆ ಜಾಗ ಇಲ್ಲ. ಆದ್ದರಿಂದ ಏರಿಯಾವನ್ನೇ ಮಾರ್ತಾರೆ: ಗಾಂಧಿ ಬಜಾರ್ ಹೂವು, ಮಲ್ಲೇಶ್ವರ 8ನೇ ಕ್ರಾಸ್, ನಡೆದು ಹೋಗುವ ದೂರದಲ್ಲಿ ದೇವಸ್ಥಾನ ಮತ್ತು ಮೆಟ್ರೋ. ನ್ಯಾಷನಲ್ ಕಾಲೇಜು, ಸಂಪಿಗೆ ರಸ್ತೆ ನಿಲ್ದಾಣಗಳ ಹೆಸರು ಇಲ್ಲದ ಕರಪತ್ರ ಕಡಿಮೆ. ‘ಬೊಟಿಕ್ ಹೋಮ್ಸ್’, ‘ಗೋಡೆ ಹಂಚಿಕೊಳ್ಳದ ಮನೆ’, ‘ಮಹಡಿಗೆ ಒಂದೇ ಕುಟುಂಬ’ ಎಂಬ ಮಾತುಗಳೂ ಇದಕ್ಕೇ ಹುಟ್ಟಿದವು. ಸಣ್ಣದು ಅನ್ನೋ ಕೊರತೆಯನ್ನೇ ದೊಡ್ಡ ಗುಣ ಮಾಡಿ ಹೇಳುವ ಉಪಾಯ ಇದು.

ರೇರಾ ಬಾಗಿಲು ಎಲ್ಲಿ ಮುಚ್ಚುತ್ತೆ?

2016ರ ರೇರಾ ಕಾಯ್ದೆಗೆ ಕರ್ನಾಟಕದಲ್ಲಿ 2017ರ ಜುಲೈನಲ್ಲಿ ನಿಯಮ ಬಂತು. ನೋಂದಣಿ ಆದ ಪ್ರಾಜೆಕ್ಟ್‌ನಲ್ಲಿ ಗಿರಾಕಿಗಳಿಂದ ಬಂದ ಹಣದ 70%ನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಟ್ಟು ಅದೇ ಜಾಗ ಮತ್ತು ಕಟ್ಟಡಕ್ಕೆ ಬಳಸಬೇಕು. ಜಾಹೀರಾತಿನಲ್ಲಿ ರೇರಾ ನಂಬರ್ ಹಾಕಬೇಕು. ಅಗ್ರಿಮೆಂಟ್ ನೋಂದಣಿ ಆಗದೆ 10%ಗಿಂತ ಹೆಚ್ಚು ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ. ಕಟ್ಟಡದಲ್ಲಿ ದೋಷ ಕಂಡರೆ 5 ವರ್ಷದವರೆಗೆ ಬಿಲ್ಡರ್ ತನ್ನ ಖರ್ಚಲ್ಲಿ ಸರಿ ಮಾಡಿಕೊಡಬೇಕು.

ಆದರೆ ಜಾಗ 500 ಚದರ ಮೀಟರ್ ದಾಟದಿದ್ದರೆ, ಇಲ್ಲವೇ ಮನೆಗಳ ಸಂಖ್ಯೆ 8 ದಾಟದಿದ್ದರೆ ನೋಂದಣಿ ಕಡ್ಡಾಯ ಅಲ್ಲ. 500 ಚದರ ಮೀಟರ್ ಅಂದರೆ ಸುಮಾರು 5,380 ಚದರ ಅಡಿ. 40x60 ಸೈಟು 2,400 ಚದರ ಅಡಿ, ಅಂದರೆ 223 ಚದರ ಮೀಟರ್. 60x80 ಸೈಟು ಕೂಡ 446 ಚದರ ಮೀಟರ್ ಅಷ್ಟೆ. ಹಳೇ ಬಡಾವಣೆಯ ಒಂದು ಮನೆ ಒಡೆದು ನಾಲ್ಕೋ ಆರೋ ಫ್ಲ್ಯಾಟ್ ಕಟ್ಟಿದರೆ ಅದು ಈ ಮಿತಿಯೊಳಗೇ ಕೂತುಬಿಡುತ್ತೆ.

ಇದರಲ್ಲಿ ಕಾನೂನುಬಾಹಿರ ಏನೂ ಇಲ್ಲ. ಆದರೆ ರೇರಾ ತಾನಾಗಿ ಕೊಡುವ ರಕ್ಷಣೆಯನ್ನು ಇಲ್ಲಿ ಅಗ್ರಿಮೆಂಟ್‌ನಲ್ಲಿ ಒಂದೊಂದಾಗಿ ಬರೆಸಿಕೊಳ್ಳಬೇಕಾಗುತ್ತೆ. ಬರೆಸದೇ ಇದ್ದದ್ದು ಕೇಳೋಕೆ ಹೋದರೆ ವಾದ ಶುರು.

ಒಂದು ಬಾಗಿಲು ಮಾತ್ರ ತೆರೆದೇ ಇದೆ. ಜೆಡಿ ಮಾಡಿಕೊಂಡ ಜಾಗದ ಮಾಲೀಕರೂ ಬಿಲ್ಡರ್‌ನ ‘ಗ್ರಾಹಕ’ ಆಗಬಹುದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಫಕೀರ್ ಚಂದ್ ಗುಲಾಟಿ ಪ್ರಕರಣದಲ್ಲಿ ಹೇಳಿದೆ. ಕಳಪೆ ಕೆಲಸ, ವಿಳಂಬದ ದೂರನ್ನು ಗ್ರಾಹಕರ ಆಯೋಗಕ್ಕೆ ಒಯ್ಯಲು ಈ ತೀರ್ಪು ದಾರಿ ಮಾಡಿದೆ. ಅಲ್ಲೂ ಕೈಯಲ್ಲಿ ಕಾಗದ ಇದ್ದರೇ ಮಾತಿಗೆ ತೂಕ.

‘ಫಿಫ್ಟಿ–ಫಿಫ್ಟಿ’ ಅಂದರೆ ಯಾವುದರ ಫಿಫ್ಟಿ?

ಒಂದು ಉದಾಹರಣೆ ತಗೊಳ್ಳಿ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೊಂದು ಮನೆ. ಫಿಫ್ಟಿ–ಫಿಫ್ಟಿ ಅಂದರೆ ಇಬ್ಬರಿಗೂ ಎರಡೆರಡು. ಲೆಕ್ಕ ಸುಲಭ ಅನ್ಸುತ್ತೆ. ಆದರೆ ಯಾವ ಎರಡು? ಮೇಲಿನ ಮನೆಯ ಜೊತೆ ಟೆರೇಸ್ ಹಕ್ಕು ಹೋಗುತ್ತಾ? ಕಾರು ನಿಲ್ಲೋಕೆ ಐದೇ ಜಾಗ ಇದ್ದರೆ ಐದನೇದು ಯಾರಿಗೆ?

ಅಳತೆಯಲ್ಲೂ ಹುಷಾರಾಗಿರಬೇಕು. ಸೂಪರ್ ಬಿಲ್ಟಪ್ ಅಂದರೆ ಮೆಟ್ಟಿಲು, ಲಿಫ್ಟ್, ಕಾರಿಡಾರ್ ಎಲ್ಲ ಸೇರಿಸಿದ ಅಳತೆ. ಕಾರ್ಪೆಟ್ ಅಂದರೆ ಗೋಡೆಯೊಳಗೆ ಓಡಾಡೋಕೆ ಸಿಗುವ ಜಾಗ. ಕಾರ್ಪೆಟ್ ಮೇಲೆ 25% ಲೋಡಿಂಗ್ ಹಾಕಿದ್ದರೆ 1,500 ಚದರ ಅಡಿಯ ಮನೆಯಲ್ಲಿ ನಿಮಗೆ ಸಿಗೋದು 1,200. ಹಾಗಾಗಿ ಒಪ್ಪಂದದಲ್ಲಿ ಕಾರ್ಪೆಟ್ ಅಳತೆಯನ್ನೇ ಬರೆಸಿ, ನಕ್ಷೆಯ ಮೇಲೆ ನಿಮ್ಮ ಮನೆ ಗುರುತು ಹಾಕಿಸಿ ಸಹಿ ತಗೊಳ್ಳೋದು ಒಳ್ಳೇದು.

ಇದರ ಜೊತೆಗೆ ಅಗ್ರಿಮೆಂಟ್‌ನಲ್ಲಿ ಇರಲೇಬೇಕಾದ್ದು:

* ಅಡ್ವಾನ್ಸ್ ಎಷ್ಟು, ಅದರಲ್ಲಿ ವಾಪಸ್ ಕೊಡಬೇಕಾದ್ದು ಎಷ್ಟು, ಯಾವಾಗ.
* ಕಟ್ಟುವ ಅವಧಿಯಲ್ಲಿ ನೀವು ಇರೋ ಬಾಡಿಗೆ ಮನೆಯ ಬಾಡಿಗೆ ಯಾರು ಕೊಡ್ತಾರೆ. ಕೆಲಸ ತಡ ಆದರೂ ಅದು ಮುಂದುವರಿಯುತ್ತಾ.
* ಮುಗಿಸುವ ತಾರೀಖು, ತಪ್ಪಿದರೆ ತಿಂಗಳಿಗೆ ಎಷ್ಟು ದಂಡ.
* ಸ್ಟೀಲ್, ಸಿಮೆಂಟ್, ಕಿಟಕಿ, ವೈರ್, ನಲ್ಲಿ ಯಾವ ಕಂಪನಿಯದು. ‘ಬ್ರಾಂಡೆಡ್’ ಅಂತ ಬರೆದರೆ ಸಾಲದು.
* ಪವರ್ ಆಫ್ ಅಟಾರ್ನಿ ಬಿಲ್ಡರ್‌ನ ಪಾಲಿಗೆ ಮಾತ್ರನಾ, ಇಡೀ ಆಸ್ತಿಗಾ. ಜಾಗ ಅಡ ಇಟ್ಟು ಸಾಲ ಎತ್ತುವ ಅಧಿಕಾರ ಇದೆಯಾ.
* ಹಳೇ ಮನೆಯ ತೇಗದ ಬಾಗಿಲು, ಕಂಬ, ತೊಲೆ ಯಾರಿಗೆ ಸೇರುತ್ತೆ.
* ಮಾಲೀಕರ ಪಾಲಿನ ಮನೆಗಳ ಮೇಲಿನ ಜಿಎಸ್‌ಟಿ ಯಾರ ತಲೆಗೆ.
* ಸೋರಿಕೆ, ಬಿರುಕು ಬಂದರೆ ಎಷ್ಟು ವರ್ಷ ಬಿಲ್ಡರ್ ಜವಾಬ್ದಾರಿ.

ಹೆಣ್ಣುಮಕ್ಕಳ ಸಹಿ, ಆಮೇಲೆ ತೆರಿಗೆ

ಪಿತ್ರಾರ್ಜಿತ ಮನೆ ಆದರೆ ಗಂಡುಮಕ್ಕಳು ಮಾತ್ರ ಸಹಿ ಹಾಕಿದರೆ ಆಗಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, ಆದರೆ ಆಗಲೇ ಮದುವೆ ಆಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತೆ, 2005ಕ್ಕೆ ಮೊದಲು ತಂದೆ ತೀರಿಕೊಂಡಿದ್ದರೂ ಇರುತ್ತೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ವಿಭಾಗ ಆಗಿದ್ದರೆ ಮಾತ್ರ ಅದನ್ನು ಮತ್ತೆ ಕೆದಕುವಂತಿಲ್ಲ. ಅಕ್ಕತಂಗಿಯರನ್ನು ಬಿಟ್ಟು ಜೆಡಿ ಮಾಡಿದರೆ ಅರ್ಧ ಕಟ್ಟಿದ ಮೇಲೆ ಕೋರ್ಟ್ ತಡೆಯಾಜ್ಞೆ ಬರಬಹುದು. ಮನೆ ಒಡೆದಾಗಿರುತ್ತೆ, ಹೊಸದು ಎದ್ದಿರಲ್ಲ.

ಆದಾಯ ತೆರಿಗೆಯಲ್ಲಿ 2017ರಿಂದ ಒಂದು ಅನುಕೂಲ ಇದೆ. ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಜೆಡಿ ಮಾಡಿಕೊಂಡರೆ ಬಂಡವಾಳ ಲಾಭದ ತೆರಿಗೆ ಸಹಿ ಹಾಕಿದ ವರ್ಷ ಬೀಳಲ್ಲ, ಕಟ್ಟಡಕ್ಕೆ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷ ಬೀಳುತ್ತೆ. ಆದರೆ ಅಗ್ರಿಮೆಂಟ್ ರಿಜಿಸ್ಟರ್ ಆಗಿರಬೇಕು. ಸರ್ಟಿಫಿಕೇಟ್‌ಗೆ ಮೊದಲೇ ನಿಮ್ಮ ಪಾಲಿನ ಫ್ಲ್ಯಾಟ್ ಮಾರಿಬಿಟ್ಟರೆ ಈ ಅನುಕೂಲ ಸಿಗಲ್ಲ. ‘ರಿಜಿಸ್ಟ್ರೇಷನ್ ಖರ್ಚು ಯಾಕೆ, ಸ್ಟ್ಯಾಂಪ್ ಪೇಪರ್ ಸಾಕು’ ಅನ್ನುವ ಮಾತಿಗೆ ಒಪ್ಪಿದರೆ ನಷ್ಟ ಮಾಲೀಕರಿಗೇ.

ಓಸಿ ಇಲ್ಲದಿದ್ದರೆ ಕರೆಂಟ್ ತಾಪತ್ರಯ

ಬೆಂಗಳೂರಿನಲ್ಲಿ ಪ್ಲ್ಯಾನ್‌ಗಿಂತ ಒಂದು ಮಹಡಿ ಹೆಚ್ಚು ಕಟ್ಟೋದು, ಸುತ್ತ ಬಿಡಬೇಕಾದ ಜಾಗ ತಿನ್ನೋದು ಹಳೇ ಚಾಳಿ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದಕ್ಕೆ ಪೆಟ್ಟು ಕೊಟ್ಟಿದೆ. ಸ್ವಾಧೀನ ಪತ್ರ, ಅಂದರೆ ಓಸಿ, ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕ್‌ಗಳೂ ಅದನ್ನು ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಎಂದು ಕೋರ್ಟ್ ಹೇಳಿತು. ಇದರಿಂದ ಬೆಸ್ಕಾಂ ಕಾಯಂ ಸಂಪರ್ಕ ಸಿಗದೆ ಎಷ್ಟೋ ಹೊಸ ಕಟ್ಟಡಗಳು ನಿಂತುಹೋದವು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿತು. 40x60 ಸೈಟಿನ ಜೆಡಿ ಕಟ್ಟಡ ಆ ವಿನಾಯಿತಿಗೆ ಬರಲ್ಲ.

ಆದ್ದರಿಂದ ‘ಮನೆ ರೆಡಿ, ಕೀ ತಗೊಳ್ಳಿ’ ಅನ್ನೋದನ್ನು ಕೆಲಸ ಮುಗಿದಂತೆ ಲೆಕ್ಕ ಹಾಕಬಾರದು. ಓಸಿ ತಂದುಕೊಟ್ಟು, ಮನೆ ಮನೆಗೂ ಇ–ಖಾತಾ ಮಾಡಿಸಿಕೊಟ್ಟಾಗಲೇ ಕೆಲಸ ಮುಗಿದಂತೆ ಎಂದು ಅಗ್ರಿಮೆಂಟ್‌ನಲ್ಲಿ ಇರಬೇಕು. 2024ರ ಅಕ್ಟೋಬರ್‌ನಿಂದ ಇ–ಖಾತಾ ಇಲ್ಲದೆ ನಗರದಲ್ಲಿ ಆಸ್ತಿ ನೋಂದಣಿ ಆಗಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿರೋದರಿಂದ ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆ ಅನ್ನೋದನ್ನೂ ಮೊದಲೇ ನೋಡಿಕೊಳ್ಳಿ.

ಅಂಗಡಿಯವರಿಗೆ ಏನು?

ಹಾರ್ಡ್‌ವೇರ್, ಎಲೆಕ್ಟ್ರಿಕಲ್, ಸ್ಯಾನಿಟರಿ ಅಂಗಡಿಗಳಿಗೆ ಈ ಸಣ್ಣ ಕಟ್ಟಡಗಳೇ ಆಸರೆ. ದೊಡ್ಡ ಕಂಪನಿಗಳು ಮಾಲು ನೇರ ಫ್ಯಾಕ್ಟರಿಯಿಂದ ತರಿಸ್ತಾರೆ, ಸಣ್ಣ ಬಿಲ್ಡರ್ ಅವಸರಕ್ಕೆ ಹತ್ತಿರದ ಅಂಗಡಿಗೆ ಬರ್ತಾನೆ. ಆದರೆ ಬಿಲ್ ಕೇಳ್ತಾನೆ. ಕಟ್ಟುತ್ತಿರುವ ಫ್ಲ್ಯಾಟ್‌ಗಳಿಗೆ 2019ರ ಏಪ್ರಿಲ್‌ನಿಂದ ಬಂದ 5% ಜಿಎಸ್‌ಟಿ ಪದ್ಧತಿಯಲ್ಲಿ ಬಿಲ್ಡರ್ ತನ್ನ ಖರೀದಿಯ 80% ಭಾಗ ಜಿಎಸ್‌ಟಿ ನೋಂದಾಯಿತರಿಂದಲೇ ಮಾಡಬೇಕು. ಕಮ್ಮಿ ಬಿದ್ದರೆ ತೆರಿಗೆ ಅವನ ಮೇಲೆ. ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28%ನಿಂದ 18%ಗೆ ಇಳಿದಿದೆ. ಅದಕ್ಕೆ ಮೊದಲು ಬರೆದ ಎಸ್ಟಿಮೇಟ್ ಹಿಡಿದು ಯಾರಾದರೂ ಈಗ ರೇಟು ಹೇಳಿದರೆ ಗಿರಾಕಿ ಪ್ರಶ್ನೆ ಮಾಡಬಹುದು.

ಬಾಡಿಗೆ ಅಂಗಡಿಯವರ ಕಥೆ ಬೇರೆ. ಹಳೇ ಮನೆಯ ಮುಂಭಾಗದಲ್ಲಿ ಮೂವತ್ತು ನಲವತ್ತು ವರ್ಷದಿಂದ ಅಂಗಡಿ ಇಟ್ಟವರು ‘ನಮ್ಮನ್ನು ಎಬ್ಬಿಸೋಕೆ ಆಗಲ್ಲ’ ಎಂದು ನಂಬಿರ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ವ್ಯಾಪಾರದ ಮಳಿಗೆಗೆ ಮಾತ್ರ. ಅದಕ್ಕಿಂತ ದೊಡ್ಡ ಅಂಗಡಿಗೆ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯ. ಬರೆದ ಕರಾರು ಇಲ್ಲದೆ ತಿಂಗಳ ಬಾಡಿಗೆಯ ಮೇಲೆ ಇದ್ದರೆ 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಕೊನೆ ಮಾಡಬಹುದು. ಅಷ್ಟಾದ ಮೇಲೂ ಕೋರ್ಟ್ ಆದೇಶ ಇಲ್ಲದೆ ಬೀಗ ಒಡೆದು ಸಾಮಾನು ಹೊರಗೆ ಹಾಕುವ ಹಕ್ಕು ಮಾಲೀಕರಿಗಾಗಲಿ ಬಿಲ್ಡರ್‌ಗಾಗಲಿ ಇಲ್ಲ.

ಹೊಸ ಕಟ್ಟಡದ ನೆಲಮಹಡಿ ಸಾಮಾನ್ಯವಾಗಿ ಪಾರ್ಕಿಂಗ್‌ಗೆ ಹೋಗುತ್ತೆ. ಮಾಲೀಕರು ‘ಕಟ್ಟಿದ ಮೇಲೆ ನಿಮಗೇ ಅಂಗಡಿ ಕೊಡ್ತೀವಿ’ ಅಂದರೆ ಮಂಜೂರಾದ ಪ್ಲ್ಯಾನ್‌ನಲ್ಲಿ ಅಂಗಡಿ ಇದೆಯಾ ನೋಡಿ. ಇದ್ದರೆ ಅಳತೆ, ಬಾಡಿಗೆ, ಅಡ್ವಾನ್ಸ್ ಹಾಕಿ ಮಾಲೀಕರು ಮತ್ತು ಬಿಲ್ಡರ್ ಇಬ್ಬರಿಂದಲೂ ಬರೆಸಿಕೊಳ್ಳಿ. ಅಂಗಡಿ ಖಾಲಿ ಮಾಡೋಕೆ ಮೊದಲೇ ಆ ಕಾಗದ ನಿಮ್ಮ ಕೈ ಸೇರಿರಲಿ.