ಮೆಸೇಜ್ ಯಾರ ನಂಬರಿಗೆ ಬಂತು?

ಹೋದ ಸುಗ್ಗಿಯಲ್ಲಿ ಅಪ್ಪಾಜಿ ಮೂವತ್ತು ಚೀಲ ಮೆಕ್ಕೆಜೋಳ ತಗೊಂಡು ಎಪಿಎಂಸಿಗೆ ಹೊರಟಾಗ ನಾನೂ ಜೊತೆಗಿದ್ದೆ. ಸೆಮಿಸ್ಟರ್ ರಜೆ, ಮನೇಲಿ ಕೂತು ಮಾಡೋದೇನೂ ಇರಲಿಲ್ಲ. ಬೆಳಿಗ್ಗೆ ಗೇಟಲ್ಲಿ ಎಂಟ್ರಿ ಆಯ್ತು, ಮಂಡಿ ಮುಂದೆ ರಾಶಿ ಹಾಕಿದ್ವಿ. ಮಧ್ಯಾಹ್ನ ದಲ್ಲಾಳಿ ಬಂದು "ಇಷ್ಟಕ್ಕೆ ನಿಂತೈತಣ್ಣ, ತೂಕ ಹಾಕ್ಸಣ?" ಅಂದ್ರು. ಅಪ್ಪಾಜಿ ಹೂಂ ಅಂದ್ರು. ರೇಟು ರೈತನ ಫೋನಿಗೆ ಮೆಸೇಜಾಗಿ ಬರುತ್ತೆ ಅಂತ ನಾನು ಓದಿದ್ದೆ. ನೋಡಿದರೆ ಅವರ ಫೋನಲ್ಲಿ ಏನೂ ಇಲ್ಲ. ಎಂಟ್ರಿಯಲ್ಲಿ ಬರೆಸಿದ್ದ ನಂಬರು ಮಂಡಿಯದ್ದು!

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆನ್‌ಲೈನ್ ಹರಾಜಿನಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇರುವ ಸಂಪರ್ಕ ಎಷ್ಟು ಅಂತ ಲೆಕ್ಕ ಹಾಕಿದರೆ, ರೈತನ ಕಡೆಗೆ ನೇರವಾಗಿ ಬರೋದು ಆ ಒಂದು ಮೆಸೇಜ್ ಮಾತ್ರ.

ಮೊದಲು ಹೀಗಿರಲಿಲ್ಲ. ಬಹಿರಂಗ ಹರಾಜಿನಲ್ಲಿ ಕೂಗು ಎಲ್ಲರಿಗೂ ಕೇಳಿಸುತ್ತಿತ್ತು. ಕೆಲವು ಕಡೆ ಚೀಟಿ ಬರೆದು ಡಬ್ಬಿಗೆ ಹಾಕುವ ಟೆಂಡರ್. ಇನ್ನು ಕೆಲವು ಕಡೆ ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ರೇಟು ಹೇಳುವ ಪದ್ಧತಿ. ಅದು ಪಕ್ಕದಲ್ಲೇ ನಿಂತ ರೈತನಿಗೂ ಗೊತ್ತಾಗುತ್ತಿರಲಿಲ್ಲ. 2014ರಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸೇರಿ ಕಟ್ಟಿದ ಕಂಪನಿ ಅದನ್ನು ನಡೆಸಿತು. ಕೇಂದ್ರದ ಇ-ನಾಮ್ ಬಂದಿದ್ದು ಅದಾದ ಮೇಲೆ, 2016ರ ಏಪ್ರಿಲ್ 14ಕ್ಕೆ.

ಕೆಲಸ ಮಾಡುವ ರೀತಿ ಸರಳ. ಗೇಟಲ್ಲಿ ನಿಮ್ಮ ಮಾಲಿಗೊಂದು ಲಾಟ್ ನಂಬರ್ ಸಿಗುತ್ತೆ. ಖರೀದಿದಾರರು ಬೆಳಿಗ್ಗೆ ಬಂದು ರಾಶಿಗೆ ಕೈ ಹಾಕಿ, ಕಾಳು ಬಾಯಿಗೆ ಹಾಕಿ ಕಡಿದು, ಹಸಿ ಎಷ್ಟಿದೆ ಅಂತ ನೋಡ್ತಾರೆ. ಆಮೇಲೆ ಗೊತ್ತಾದ ಸಮಯದೊಳಗೆ ಕಂಪ್ಯೂಟರಲ್ಲೋ ಮೊಬೈಲಲ್ಲೋ ಲಾಟ್‌ಗೆ ಬೆಲೆ ನಮೂದಿಸ್ತಾರೆ. ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣಲ್ಲ. ಸಮಯ ಮುಗಿದ ಮೇಲೆ ಹೆಚ್ಚು ಹಾಕಿದವರಿಗೆ ಲಾಟ್. ರೈತ ಒಪ್ಪಬಹುದು, ಬೇಡ ಅಂತಲೂ ಹೇಳಬಹುದು.

ಇಲ್ಲಿ ಬಾಯಿ ಮುಚ್ಚಿಸಿರೋದು ಬೇಕಂತಲೇ. ಖರೀದಿದಾರರು ಒಬ್ಬರ ಬೆಲೆ ಒಬ್ಬರು ನೋಡುವಂತಿದ್ದರೆ "ಈ ಲಾಟ್ ನಿಂಗೆ, ಆ ಲಾಟ್ ನಂಗೆ" ಅಂತ ಹಂಚಿಕೊಳ್ಳೋದು ಸುಲಭ. ಮಾತು ತಪ್ಪಿದವನು ತಕ್ಷಣ ಸಿಕ್ಕಿಬೀಳ್ತಾನೆ. ಬೆಲೆ ಮುಚ್ಚಿಟ್ಟಾಗ ಆ ನಂಬಿಕೆ ಸಡಿಲ ಆಗುತ್ತೆ. ಆದರೆ ಮುಚ್ಚಿಟ್ಟ ಮಾತ್ರಕ್ಕೆ ಬೆಲೆ ಏರಲ್ಲ, ಜನ ಬೇಕು. ಹರಾಜು ಸಿದ್ಧಾಂತದ ಮೊದಲ ಪಾಠದಲ್ಲೇ ಈ ಲೆಕ್ಕ ಇದೆ: ಪ್ರತಿಯೊಬ್ಬ ಖರೀದಿದಾರನ ಮನಸ್ಸಿನ ಬೆಲೆ ಸೊನ್ನೆಯಿಂದ ಒಂದು ಮಿತಿಯವರೆಗೆ ಎಲ್ಲಾದರೂ ಸಮನಾಗಿ ಬೀಳಬಹುದು ಅಂತ ಇಟ್ಕೊಳ್ಳಿ. ಇಬ್ಬರೇ ಇದ್ದರೆ ಜಾಣ ಖರೀದಿದಾರ ತನ್ನ ಮನಸ್ಸಿನ ಬೆಲೆಯ ಅರ್ಧ ಮಾತ್ರ ಹಾಕ್ತಾನೆ. ಐವರಿದ್ದರೆ ಐದರಲ್ಲಿ ನಾಲ್ಕು ಭಾಗ, ಹತ್ತು ಜನ ಇದ್ದರೆ ಹತ್ತರಲ್ಲಿ ಒಂಬತ್ತು. ನಿಜವಾದ ಮಂಡಿ ಇಷ್ಟು ಚೊಕ್ಕ ಇರಲ್ಲ ಬಿಡಿ, ಆದರೂ ದಿಕ್ಕು ಅದೇ.

ಹಾಗಾದರೆ ಹಿರಿಯೂರಿನ ರಾಶಿಗೆ ದಾವಣಗೆರೆಯವನೋ ಹೈದರಾಬಾದಿನವನೋ ಬೆಲೆ ಹಾಕಬೇಕು. ಅವನು ಬಂದು ಕಾಳು ಕಡಿಯೋಕಾಗಲ್ಲ. ಇಬೇಯಲ್ಲಾದರೆ ಮಾರುವವನಿಗೆ ಪ್ರಶ್ನೆ ಕಳಿಸಬಹುದು, ಹಿಂದಿನ ಗಿರಾಕಿಗಳು ಕೊಟ್ಟ ಅಭಿಪ್ರಾಯ ಓದಬಹುದು. 1995ರಲ್ಲಿ ಶುರುವಾದ ಆ ಸೈಟು ಮರುವರ್ಷವೇ ಅಭಿಪ್ರಾಯದ ವ್ಯವಸ್ಥೆ ತಂದಿತ್ತು. ಮೂವತ್ತು ಚೀಲ ಮಾರುವ ಹೊಳಲ್ಕೆರೆ ರೈತನಿಗೆ ರೇಟಿಂಗ್ ಎಲ್ಲಿಂದ ಬರಬೇಕು? ವರ್ಷಕ್ಕೆ ಒಂದೋ ಎರಡೋ ಸಲ ಮಾರ್ತಾನೆ. ಅವನ ಪರವಾಗಿ ಮಾತಾಡಬೇಕಾದದ್ದು ಗುಣಮಟ್ಟ ಪರೀಕ್ಷೆಯ ಚೀಟಿ: ತೇವಾಂಶ ಶೇ. 14 ಇದೆಯೋ 18 ಇದೆಯೋ, ಒಡೆದ ಕಾಳೆಷ್ಟು, ಕಸ ಎಷ್ಟು. ಆ ಚೀಟಿ ಇಲ್ಲದ ಕಡೆ ಹರಾಜು ಆನ್‌ಲೈನ್ ಆದರೂ ಬೆಲೆ ಹಾಕೋದು ಅದೇ ಊರಿನ ಅದೇ ನಾಲ್ಕು ಜನ.

ಹಾಗಂತ ಪ್ರಯೋಜನ ಆಗಿಲ್ಲ ಅಂತಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಕರ್ನಾಟಕದ ಈ ವೇದಿಕೆಯಿಂದ ಭತ್ತದ ಬೆಲೆ ಶೇ. 5.1, ಶೇಂಗಾ 3.6, ಮೆಕ್ಕೆಜೋಳ 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಶೇಂಗಾ, ಮೆಕ್ಕೆಜೋಳ, ಹತ್ತಿ ಮೂರೂ ಇರೋದರಿಂದ ಇದರಲ್ಲಿ ಖುಷಿನೂ ಇದೆ, ಬೇಜಾರೂ ಇದೆ.

ಇನ್ನು ದಲ್ಲಾಳಿ. ಅವರನ್ನು ಬರೀ ಖಳನಾಯಕ ಮಾಡೋದು ನನಗಿಷ್ಟ ಇಲ್ಲ. ಗೊಬ್ಬರಕ್ಕೆ, ಅಕ್ಕನ ಮದುವೆಗೆ ಅಪ್ಪಾಜಿ ಕೈಸಾಲ ತಂದಿದ್ದು ಅದೇ ಮಂಡಿಯಿಂದ. ಅಪ್ಪಾಜಿಗೆ ಖರೀದಿದಾರ ಯಾರು ಅಂತಲೇ ಗೊತ್ತಿಲ್ಲ, ದುಡ್ಡು ನಿಂತರೆ ಕೇಳೋಕೆ ಇರೋದು ದಲ್ಲಾಳಿ ಒಬ್ಬರೇ. ತೊಡಕು ಏನಂದ್ರೆ, ಸಾಲ ಕೊಟ್ಟವರ ಮುಂದೆ ನಿಂತು "ಈ ರೇಟಿಗೆ ಕೊಡಲ್ಲ" ಅನ್ನೋಕೆ ಬಾಯಿ ಬರಲ್ಲ. ಫೋನಲ್ಲಿ ಮೊದಲು ತಾನೇ ರೇಟು ಓದಿದವನಿಗೆ ಯೋಚನೆ ಮಾಡೋಕೆ ಐದು ನಿಮಿಷವಾದರೂ ಸಿಗುತ್ತೆ.

ಉಳಿದ ಇಪ್ಪತ್ತು ಚೀಲ ತಗೊಂಡು ಹೋದಾಗ ಗೇಟಲ್ಲಿ ನಾನೇ ಅಪ್ಪಾಜಿ ನಂಬರ್ ಬರೆಸಿದೆ. ಮಧ್ಯಾಹ್ನ ಮೆಸೇಜ್ ಬಂತು. ಇಂಗ್ಲಿಷಲ್ಲಿತ್ತು, ನಾನು ಓದಿ ಹೇಳಿದೆ. ಅಪ್ಪಾಜಿ ಸ್ವಲ್ಪ ಹೊತ್ತು ರಾಶಿ ನೋಡಿ, "ಬ್ಯಾಡ ಅನ್ನು" ಅಂದ್ರು. ಮಾರನೇ ದಿನ ಕ್ವಿಂಟಾಲಿಗೆ ಮೂವತ್ತು ರೂಪಾಯಿ ಕಮ್ಮಿಗೇ ಹೋಯ್ತು. ನನಗೆ ಮುಖ ತೋರಿಸೋಕೆ ನಾಚಿಕೆ. ಅವರು ಮಾತ್ರ ಖಾಲಿ ಚೀಲ ಮಡಚ್ತಾ, "ಬ್ಯಾಡ ಅಂದಿದ್ದು ನಾನೇ ಅಲ್ವೇನೋ" ಅಂದ್ರು.