ಹೊಸ ಜೀರುಂಡೆಯ ವರ್ಣನೆ ಮತ್ತು ಕನ್ನಡದ ಪದಸಂಪತ್ತು

ಹೊಸ ಜೀವಿಯೊಂದು ಕಣ್ಣಿಗೆ ಬಿದ್ದ ಮಾತ್ರಕ್ಕೆ ವಿಜ್ಞಾನದಲ್ಲಿ ಅದಕ್ಕೆ ಸ್ಥಾನ ದೊರೆಯುವುದಿಲ್ಲ. ಅದರ ಹೆಸರು ಮತ್ತು ವರ್ಣನೆ ಪ್ರಕಟವಾದಾಗ ಮಾತ್ರ ದೊರೆಯುತ್ತದೆ. ಪ್ರಾಣಿಗಳ ನಾಮಕರಣವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ 13ನೆಯ ವಿಧಿಯಂತೆ 1930ರ ನಂತರದ ಯಾವುದೇ ಹೊಸ ಪ್ರಭೇದದ ಭೇದಕ ಲಕ್ಷಣಗಳು ಪದಗಳಲ್ಲಿ ನಿರೂಪಿತವಾಗಿರಬೇಕು. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದೊಂದೇ ಸಾಲದು. ಆದರೆ ಆ ಪದಗಳು ಯಾವ ಭಾಷೆಯವಾಗಿರಬೇಕೆಂದು ಸಂಹಿತೆ ವಿಧಿಸುವುದಿಲ್ಲ. ಅಂತಾರಾಷ್ಟ್ರೀಯ ಬಳಕೆಯ ಭಾಷೆಯಲ್ಲಿ ಲಕ್ಷಣಸಾರವಿದ್ದರೆ ಒಳ್ಳೆಯದೆಂಬುದು ಅದರ ಶಿಫಾರಸು ಮಾತ್ರ. ಹೆಸರು ರೋಮನ್ ಲಿಪಿಯಲ್ಲಿರಬೇಕು. ಅದರ ಮೂಲಪದ ಯಾವ ಭಾಷೆಯದಾದರೂ ಆಗಬಹುದು. ಸಸ್ಯಶಾಸ್ತ್ರದಲ್ಲಿ 1935ರಿಂದ 2011ರ ಕೊನೆಯವರೆಗೆ ಲ್ಯಾಟಿನ್ ಕಡ್ಡಾಯವಾಗಿದ್ದುದನ್ನು ನೆನೆದರೆ ಈ ಔದಾರ್ಯದ ಬೆಲೆ ತಿಳಿಯುತ್ತದೆ.

ಹಾಗಾದರೆ ಜೋಗಿಮಟ್ಟಿಯ ಕುರುಚಲು ಕಾಡಿನಲ್ಲೋ ಹಿರಿಯೂರಿನ ಶೇಂಗಾ ಹೊಲದಲ್ಲೋ ಸಿಕ್ಕ ಹೊಸ ಜೀರುಂಡೆಯನ್ನು ಕನ್ನಡದಲ್ಲಿ ವರ್ಣಿಸಿದರೂ ಅದು ಸಿಂಧುವೇ. ನಿಯಮದ ಅಡ್ಡಿಯಿಲ್ಲ, ತೊಡಕಿರುವುದು ಪದಗಳಲ್ಲಿ.

ಮೊದಲ ತೊಡಕು ಗುಂಪಿನ ಹೆಸರಿನಲ್ಲಿಯೇ ಇದೆ. ಕೃಷಿ ಇಲಾಖೆಯ ಕರಪತ್ರಗಳು ಈ ಕೀಟಗಳನ್ನು ‘ದುಂಬಿ’ ಎನ್ನುತ್ತವೆ. ಕಾವ್ಯದ ‘ತುಂಬಿ’ಯಾದರೋ ತಾವರೆಗೆ ಎರಗುವ ಭ್ರಮರ. ಒಂದೇ ಪದ ಹಳಗನ್ನಡದಿಂದ ಹೊಲದ ಬದುವಿಗೆ ಬರುವಷ್ಟರಲ್ಲಿ ಬೇರೊಂದು ಕೀಟವರ್ಗಕ್ಕೆ ದಾಟಿದೆ. ‘ಜೀರುಂಡೆ’ ಸದ್ದಿನಿಂದ ಬಂದ ಹೆಸರು. ಚೀರುವ ಬೇರೆ ಕೀಟಗಳಿಗೂ ಅದು ಸಲ್ಲುತ್ತದೆ. ‘ಹುಳು’ವಂತೂ ಮರಿ, ಪ್ರೌಢ ಎಂಬ ಭೇದವಿಲ್ಲದೆ ಎಲ್ಲವನ್ನೂ ಒಳಗೊಳ್ಳುತ್ತದೆ. ಆದರೂ ಜನ ಇಟ್ಟ ಕೆಲವು ಹೆಸರುಗಳು ವರ್ಣನೆಯಾಗಿಯೇ ನಿಲ್ಲಬಲ್ಲವು. ಕೆಂಪು ಮೈಯ ಮೇಲೆ ಕರಿಯ ಗುರುತುಳ್ಳ ಕೀಟ ಗುಲಗಂಜಿ ಹುಳು. ಮುಖ ಸೊಂಡಿಲಿನಂತೆ ಚಾಚಿದ್ದು ಮೂತಿ ಹುಳು. ಹೊಸದುರ್ಗದ ತೆಂಗಿನ ತೋಟಗಳಿಗೆ ಚಿರಪರಿಚಿತವಾದ ಕುರುವಾಯಿ ಕೀಟಕ್ಕೆ ಲಿನೇಯಸ್ 1758ರಲ್ಲಿ ‘ರೈನೋಸರಸ್’ ಎಂದು ಹೆಸರಿಟ್ಟದ್ದೂ ಇದೇ ಬಗೆಯ ಹೋಲಿಕೆಯಿಂದ.

ಎರಡು ಮಿಲಿಮೀಟರಿನ ಕೀಟದ ಮುಂದೆ ಹೋಲಿಕೆ ಸೋಲುತ್ತದೆ. ಹಿಟ್ಟುತಿಗಣೆಗಳನ್ನೂ ಹೇನುಗಳನ್ನೂ ತಿಂದು ಬೆಳೆಗೆ ಉಪಕರಿಸುವ ಸಣ್ಣ ಗುಲಗಂಜಿ ಹುಳುಗಳನ್ನೇ ತೆಗೆದುಕೊಳ್ಳಬಹುದು. ಸ್ಕಿಮ್ನಸ್ ಕುಲದ ಹಲವು ಪ್ರಭೇದಗಳು ರಾಗಿ ಕಾಳಿಗಿಂತ ತುಸು ದೊಡ್ಡವು, ಕಂದು ಬಣ್ಣದವು, ಮೈತುಂಬ ನವಿರು ಕೂದಲುಳ್ಳವು. ಹೊರನೋಟಕ್ಕೆ ಎಲ್ಲವೂ ಒಂದೇ. ಇಲ್ಲಿ ವರ್ಣನೆಕಾರನು ಮೀಸೆಯ ಗೆಣ್ಣುಗಳನ್ನು ಎಣಿಸಬೇಕು, ಗಟ್ಟಿಯಾದ ಮೇಲ್ರೆಕ್ಕೆಯ ಮೇಲಿನ ಚುಕ್ಕಿಗುಳಿಗಳ ನಡುವಣ ಅಂತರವನ್ನು ಆ ಗುಳಿಯ ವ್ಯಾಸದಿಂದಲೇ ಅಳೆಯಬೇಕು, ಕೊನೆಗೆ ಗಂಡಿನ ಜನನಾಂಗವನ್ನು ಬಿಡಿಸಿ ಅದರ ಬಾಗು ತುದಿಗಳನ್ನು ವಿವರಿಸಬೇಕು. ಬಹುಮಟ್ಟಿಗೆ ಪ್ರಭೇದ ನಿರ್ಣಯವಾಗುವುದು ಈ ಕೊನೆಯ ಲಕ್ಷಣದಿಂದ. ಪಠ್ಯಪುಸ್ತಕಗಳ ಸಂಕೋಚಕ್ಕೆ ಇಲ್ಲಿ ಅವಕಾಶವಿಲ್ಲ.

ಇಂಥ ಮೇಲ್ಮೈಗಳನ್ನು ಹೇಳುವ ಪದಗಳು ಕನ್ನಡದಲ್ಲಿ ಇಲ್ಲವೆನ್ನುವಂತಿಲ್ಲ. ಕಲ್ಲುಕುಟಿಗರು, ಬಡಗಿಗಳು, ನೇಕಾರರು ಬಳಸುವ ಗೀರು, ಕಚ್ಚು, ತರಿ, ನುಣುಪು, ಜೂಲು, ಅಂಚು ಮೊದಲಾದವು ಕಣ್ಣು ಮತ್ತು ಬೆರಳು ಕೂಡಿ ಗುರುತಿಸಿದ ಭೇದಗಳು. ಪಾರಿಭಾಷಿಕ ಕೋಶಗಳು ಇವನ್ನು ಬದಿಗಿಟ್ಟು ಸಂಸ್ಕೃತದಿಂದ ಹೊಸ ಸಮಾಸಗಳನ್ನು ಕಟ್ಟಿದ್ದರಿಂದ ಓದುಗನಿಗೆ ಪದ ಸಿಕ್ಕಿತು, ವಸ್ತು ಕಾಣಲಿಲ್ಲ. ಆದರೆ ‘ತರಿ’ ಎಂದರೆ ಎಷ್ಟು ಒರಟು ಎಂಬುದನ್ನು ನಿಗದಿಪಡಿಸದೆ ಆಡುಮಾತಿನ ಪದವನ್ನು ನೇರವಾಗಿ ತರುವುದೂ ಸಲ್ಲದು.

ಇದು ಕೇವಲ ಪರಿಭಾಷೆಯ ಚರ್ಚೆಯಲ್ಲ. ಬಯಲುಸೀಮೆಯ ರೈತರು ‘ಗೊಣ್ಣೆ ಹುಳು’ ಎನ್ನುವುದು ಬೇರು ತಿನ್ನುವ ಬಿಳಿಯ ಮರಿಹುಳುವನ್ನು. ಆ ಒಂದು ಹೆಸರಿನಡಿ ಅನೇಕ ಪ್ರಭೇದಗಳ ಮರಿಗಳಿವೆ. ಅವುಗಳಲ್ಲಿ ಬಹಳ ಹಾನಿಕರವಾದ ಹೊಲೊಟ್ರಿಕಿಯ ಸೆರಾಟ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲಿಯೇ ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ವರ್ಣಿಸಿದ್ದನು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಇದರ ದುಂಬಿಗಳು ನೆಲದಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಆಗ ಮರ ಅಲುಗಿಸಿ ಆರಿಸಿ ಕೊಲ್ಲುವುದು ಪರಿಣಾಮಕಾರಿಯಾದ ಕ್ರಮ. ಪ್ರಭೇದ ಬೇರೆಯಾದರೆ ಏಳುವ ಕಾಲವೂ ಆಶ್ರಯಿಸುವ ಮರವೂ ಬೇರೆಯಾಗಬಹುದು. ಭೇದವನ್ನು ಹೇಳುವ ಕನ್ನಡ ಪದವಿಲ್ಲದಿದ್ದರೆ ಆ ತಿಳಿವಳಿಕೆ ಹೊಲದವರೆಗೆ ಬರುವುದು ಕಷ್ಟ.

ಹೆಸರಿಡುವಲ್ಲಿ ಕನ್ನಡ ಈಗಾಗಲೇ ಕಾಲಿಟ್ಟಿದೆ. ಮೊಟ್ಟೆಗಳಿಗೆ ಮಣ್ಣು ಮೆತ್ತುವ ಉತ್ತರ ಕನ್ನಡದ ಕಪ್ಪೆಗೆ 2014ರಲ್ಲಿ ‘ಕುಂಬಾರ’ ಎಂಬ ಪ್ರಭೇದನಾಮ ದೊರೆಯಿತು, 2016ರಲ್ಲಿ ಇನ್ನೊಂದು ಕಪ್ಪೆ ‘ಕರಾವಳಿ’ಯಾಯಿತು, ಬಿಳಿಗಿರಿರಂಗನ ಬೆಟ್ಟದ ಕಣಜವೊಂದರ ಕುಲಕ್ಕೆ 2022ರಲ್ಲಿ ‘ಸೋಲಿಗ’ ಎಂದು ಹೆಸರಾಯಿತು. ಬಯಲುಸೀಮೆಗೆ ಹಳೆಯ ನಿದರ್ಶನವೊಂದಿದೆ. ಜೋಳ ತಿನ್ನುವ ರೆಕ್ಕೆಯಿಲ್ಲದ ಮಿಡತೆಯನ್ನು ಸ್ಪೇನಿನ ಬೊಲಿವಾರ್ 1910ರಲ್ಲಿ ವರ್ಣಿಸಿ, ಮೈಸೂರು ಸಂಸ್ಥಾನದ ಕೀಟತಜ್ಞ ಲೆಸ್ಲಿ ಕೋಲ್ಮನ್‌ನ ಹೆಸರಿನಿಂದ ‘ಕೋಲ್ಮೇನಿಯ’ ಎಂದು ಕರೆದನು. ಕೋಲ್ಮನ್ 1911ರಲ್ಲಿ ಆ ಕೀಟದ ಬಗ್ಗೆ ಬರೆದ ಇಂಗ್ಲಿಷ್ ಪ್ರಕಟಣೆಯ ಶೀರ್ಷಿಕೆಯಲ್ಲಿ ‘ಜೋಳ’ ಎಂಬ ಕನ್ನಡ ಪದವನ್ನೇ ಉಳಿಸಿಕೊಂಡನು.

ಹೆಸರು, ವರ್ಣನೆಗಳ ಜೊತೆಗೆ ಮೂರನೆಯದೊಂದು ಬರಹವಿದೆ: ಮೂಲಮಾದರಿಯ ಸೂಜಿಗೆ ಚುಚ್ಚಿದ ಚೀಟಿ. 2000ದಿಂದೀಚೆಗೆ ಹೊಸ ಪ್ರಭೇದದ ಮೂಲಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಿ, ಅದನ್ನಿಡುವ ಸಂಗ್ರಹಾಲಯವನ್ನೂ ಹೇಳಬೇಕು. ಹೊಳಲ್ಕೆರೆಯ ಜೀರುಂಡೆ ಬೆಂಗಳೂರಿಗೋ ಕೊಲ್ಕತ್ತಕ್ಕೋ ಹೋದರೂ ಅದನ್ನು ಊರಿಗೆ ಬಿಗಿದಿಡುವುದು ಆ ಚೀಟಿ. ಶಾಸನ ಸಂಪಾದಕರಿಗೆ ಈ ಕೆಲಸ ಹೊಸದಲ್ಲ. ಹಳೆಯ ಚೀಟಿಯಲ್ಲಿ ‘ಚಿತಲ್‌ದ್ರುಗ್’ ಎಂದಷ್ಟೇ ಇದ್ದರೆ ಅದು ಕೋಟೆಯ ಪಟ್ಟಣವೋ ಇಡೀ ಜಿಲ್ಲೆಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಜಿಲ್ಲೆಯಾದರೆ, 1997ರಲ್ಲಿ ಪ್ರತ್ಯೇಕವಾದ ದಾವಣಗೆರೆ, ಹರಿಹರ, ಜಗಳೂರುಗಳನ್ನೂ ಸೇರಿಸಿಯೇ ಹುಡುಕಬೇಕಾಗುತ್ತದೆ.